ಆರು ಹತ್ತರ ಗಾಡಿ

ಬೆಂಗಳೂರಿನಿಂದ ಹಾಸನದ ಕಡೆಗೆ ಹೊರಟವರು ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಕದಬಹಳ್ಳಿ ದಾಟಿದ ಮೇಲೆ ಹಾಸನ ಜಿಲ್ಲೆಯ ಬಾಗಿಲಿಗೆ ಬರುತ್ತಾರೆ. ಆ ಬಾಗಿಲೇ ನಮ್ಮ ಹಿರೀಸಾವೆ. ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಹತ್ತಿರದಲ್ಲೇ ಕಿರೀಸಾವೆ ಅಂತ ಇನ್ನೊಂದು ಊರಿದೆ. ಹಿರಿ, ಕಿರಿ, ಅಣ್ಣ ತಮ್ಮಂದಿರ ಹಾಗೆ. ಕಾರಿನಲ್ಲಿ ಹೋಗುವವರಿಗೆ ಹಿರೀಸಾವೆ ಎಂದರೆ ಒಂದು ಹಸಿರು ಬೋರ್ಡು, ಎರಡೂ ಕಡೆ ತೆಂಗಿನ ತೋಟ, ಅಷ್ಟೆ. ಓದಿ ಮುಗಿಸುವುದರೊಳಗೆ ಊರು ಹಿಂದೆ ಹೋಗಿರುತ್ತದೆ. ಈ ಹೆದ್ದಾರಿಗೆ ಮೊದಲು 48 ಎಂಬ ನಂಬರಿತ್ತು, ಈಗ 75. ಬೆಂಗಳೂರನ್ನೂ ಮಂಗಳೂರನ್ನೂ ಜೋಡಿಸುವ ರಸ್ತೆ.

ಬಸ್ಸಿನಲ್ಲಿ ಬರುವವರಿಗೆ ಮಾತ್ರ ಇದು ಬೇರೆಯೇ ಊರು. ಶ್ರವಣಬೆಳಗೊಳಕ್ಕೆ ಹೋಗುವವರು ಇಲ್ಲಿ ಇಳಿದು ಗಾಡಿ ಬದಲಾಯಿಸುತ್ತಾರೆ. ಸುತ್ತಲಿನ ಹಳ್ಳಿಗಳಿಂದ ಹೈಸ್ಕೂಲಿಗೆ, ಕಾಲೇಜಿಗೆ, ನಾಡಕಚೇರಿಗೆ, ಬ್ಯಾಂಕಿಗೆ, ಆಸ್ಪತ್ರೆಗೆ ಬರುವವರೆಲ್ಲ ಇಲ್ಲೇ ಇಳಿಯಬೇಕು. ಸಂಕ್ರಾಂತಿ ಆಸುಪಾಸಿನಲ್ಲಿ ಬೂಕನಬೆಟ್ಟದ ದನಗಳ ಜಾತ್ರೆ ಬಂತೆಂದರೆ, ಹಗ್ಗ, ಗಂಟೆ, ಕಂಬಳಿ ಹಿಡಿದ ರೈತರೂ ಸೇರಿಕೊಳ್ಳುತ್ತಾರೆ. ಶ್ರವಣಬೆಳಗೊಳದಲ್ಲಿ 58 ಅಡಿಯ ಗೊಮ್ಮಟನಿಗೆ ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ ಆಗುತ್ತದಲ್ಲ, ಕಳೆದ ಸಲ 2018ರ ಫೆಬ್ರುವರಿಯಲ್ಲಿ ಆದದ್ದು, ಆಗಂತೂ ನಮ್ಮ ರಸ್ತೆಯಲ್ಲಿ ಬಸ್ಸಿನ ಹಿಂದೆ ಬಸ್ಸು.

ನಾನು ಹಿರೀಸಾವೆಯಿಂದ ಒಳಗೆ ಏಳೆಂಟು ಕಿಲೋಮೀಟರ್ ದೂರದ ಹಳ್ಳಿಯವನು. ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ, ನಾಲ್ಕೈದು ಊರು ಸುತ್ತಿ, ನಿವೃತ್ತನಾಗಿ ಮತ್ತೆ ಹಳ್ಳಿಗೇ ಬಂದು ಸೇರಿದ್ದೇನೆ. ನಮ್ಮೂರಿನಲ್ಲಿ ರಾತ್ರಿ ಒಂದು ಬಸ್ಸು ತಂಗುತ್ತದೆ. ಅದಕ್ಕೆ ನೈಟ್ ಹಾಲ್ಟ್ ಗಾಡಿ ಅನ್ನುತ್ತಾರೆ. ರಾತ್ರಿ ಎಂಟರ ಸುಮಾರಿಗೆ ಬಂದು ಅರಳಿಕಟ್ಟೆಯ ಪಕ್ಕ ನಿಂತರೆ ಮತ್ತೆ ಹೊರಡುವುದು ಬೆಳಿಗ್ಗೆ ಆರು ಹತ್ತಕ್ಕೆ. ಹಿರೀಸಾವೆ ಮೇಲೆ ಹಾಯ್ದು ಚನ್ನರಾಯಪಟ್ಟಣಕ್ಕೆ ಹೋಗುತ್ತದೆ. ಹಾಗಾಗಿ ಊರಿನಲ್ಲಿ ಎಲ್ಲರಿಗೂ ಅದು ‘ಆರು ಹತ್ತರ ಗಾಡಿ’.

ಈ ಬೇಸಿಗೆ ರಜೆಯಲ್ಲಿ ಐದನೇ ಕ್ಲಾಸಿನ ನನ್ನ ಮೊಮ್ಮಗಳು ಬೆಂಗಳೂರಿನಿಂದ ಬಂದಿದ್ದಳು. ಅವಳಿಗೆ ಶಾಲೆಯಲ್ಲಿ ‘ನಮಗೆ ಸಹಾಯ ಮಾಡುವವರು’ ಅಂತ ಒಂದು ಪಾಠ. ಅದರಲ್ಲಿ ಡಾಕ್ಟರು, ಪೊಲೀಸರು, ಪೋಸ್ಟ್‌ಮನ್ ಎಲ್ಲರ ಚಿತ್ರವೂ ಇದ್ದವು. ಬಸ್ ಡ್ರೈವರ ಚಿತ್ರದ ಕೆಳಗೆ ‘ಇವರು ಬಸ್ಸನ್ನು ಓಡಿಸುತ್ತಾರೆ’ ಅಂತ ಒಂದೇ ಸಾಲು.

“ತಾತ, ಇಷ್ಟೇನಾ ಇವರ ಕೆಲಸ?” ಅಂದಳು.

“ನಾಳೆ ಬೆಳಿಗ್ಗೆ ಐದೂವರೆಗೆ ಎದ್ದರೆ ತೋರಿಸ್ತೀನಿ” ಅಂದೆ. ಎದ್ದಳು. ಪಟ್ಟಣದ ಮಕ್ಕಳು ರಜೆಯಲ್ಲಿ ಐದೂವರೆಗೆ ಏಳುವುದು ಸಣ್ಣ ಸಂಗತಿಯಲ್ಲ.

ಅರಳಿಕಟ್ಟೆಯ ಹತ್ತಿರ ಹೋಗುವಷ್ಟರಲ್ಲಿ ಡ್ರೈವರು ಮುಖ ತೊಳೆದು, ಕನ್ನಡಿಯ ಮೇಲಿನ ದೇವರ ಪಟಕ್ಕೆ ಒಂದು ಕನಕಾಂಬರದ ತುಂಡು ಸಿಕ್ಕಿಸಿ, ಊದುಬತ್ತಿ ಹಚ್ಚಿದ್ದರು. ಆಮೇಲೆ ಒಂದು ಸುತ್ತು ಗಾಡಿಯ ಸುತ್ತ ನಡೆದರು. ಟೈರುಗಳನ್ನು ಕೈಯಿಂದ ಬಡಿದು ನೋಡಿದರು. ಬಗ್ಗಿ ಗಾಡಿಯ ಕೆಳಗೂ ನೋಡಿದರು. ಕೆಳಗೆ ಯಾಕೆ ಅಂತ ಮೊಮ್ಮಗಳು ಕೇಳಿದಳು. “ನಾಯಿಮರಿ ಮಲಗಿರ್ತಾವಮ್ಮ. ರಾತ್ರಿ ಚಳಿಗೆ ಎಂಜಿನ್ ಬಿಸಿ ಹುಡುಕ್ಕೊಂಡು ಬರ್ತಾವೆ” ಅಂದರು. ಆ ದಿನ ಇದ್ದದ್ದು ಒಂದು ಬೆಕ್ಕು. ಹುಷ್ ಅಂದರೂ ಏಳದೆ, ಮೊಮ್ಮಗಳು ಹೋಗಿ ಎತ್ತಿಕೊಂಡು ಬಂದಳು.

ಎಂಜಿನ್ ಸ್ಟಾರ್ಟ್ ಆದ ಮೇಲೂ ಗಾಡಿ ಹೊರಡಲಿಲ್ಲ. ಈ ವಿಷಯ ಮಕ್ಕಳಿಗೆ ಗೊತ್ತಿರಲಿ. ದೊಡ್ಡ ಬಸ್ಸಿನ ಬ್ರೇಕು ಕೆಲಸ ಮಾಡುವುದು ಗಾಳಿಯ ಒತ್ತಡದಿಂದ. ಎಂಜಿನ್ ಓಡುತ್ತಾ ಒಂದು ಟ್ಯಾಂಕಿನಲ್ಲಿ ಗಾಳಿ ತುಂಬಬೇಕು. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಆ ಗಾಳಿ ಇಳಿದಿರಬಹುದು. ಮತ್ತೆ ತುಂಬುವ ತನಕ ಡ್ರೈವರು ಕಾಯುತ್ತಾರೆ, ಮುಂದೆ ಇರುವ ಮುಳ್ಳನ್ನು ನೋಡುತ್ತಾರೆ. ಇದಕ್ಕೆ ‘ಏರ್ ಹಿಡಿಯೋದು’ ಅನ್ನುತ್ತಾರೆ. ಏರ್ ಹಿಡಿಯುವ ಆ ಗುರುಗುರು ಸದ್ದೇ ನಮ್ಮೂರಿನ ಅಲಾರಂ. ಅದು ಕೇಳಿದ ಮೇಲೆ ಹಾಲು ಕರೆಯುತ್ತಿದ್ದವರು ಬೇಗ ಬೇಗ ಕರೆಯುತ್ತಾರೆ, ಜಡೆ ಹಾಕಿಸಿಕೊಳ್ಳುತ್ತಿದ್ದ ಹುಡುಗಿಯರು ಅರ್ಧ ಜಡೆಯಲ್ಲೇ ಓಡಿಬರುತ್ತಾರೆ.

ಬೇರೆ ದಿನಗಳಲ್ಲಾದರೆ ಗಾಡಿಯ ಮುಂಭಾಗವೆಲ್ಲ ಶಾಲೆ ಕಾಲೇಜಿನ ಮಕ್ಕಳದೇ. ಪಾಸು ಹಿಡಿದವರು. ರಜೆಯಲ್ಲಿ ದೊಡ್ಡವರಿಗೆ ಜಾಗ. ಎಂಜಿನ್ ಪಕ್ಕ ಒಂದು ತಿಂಡಿ ಡಬ್ಬಿ ಇತ್ತು. ಚನ್ನರಾಯಪಟ್ಟಣದಲ್ಲಿ ರೂಮು ಮಾಡಿಕೊಂಡು ಓದುತ್ತಿರುವ ಹುಡುಗನಿಗೆ ಅವನ ತಾಯಿ ಕಳಿಸಿದ ರಾಗಿಮುದ್ದೆ, ಸೊಪ್ಪಿನ ಸಾರು. ಹುಡುಗ ಬಸ್‌ಸ್ಟ್ಯಾಂಡಿಗೆ ಬಂದು ಡಬ್ಬಿ ಇಳಿಸಿಕೊಂಡು, ಹಿಂದಿನ ದಿನದ ಖಾಲಿ ಡಬ್ಬಿ ಏರಿಸುತ್ತಾನೆ. ಹೀಗೆ ಬಸ್ಸಿನ ಬುತ್ತಿ ತಿಂದು ಓದಿ ಮುಂದೆ ಬಂದವರು ನಮ್ಮ ಸೀಮೆಯಲ್ಲಿ ಎಷ್ಟೋ ಮಂದಿ. ದೊಡ್ಡ ಸಾಮಾನು ಕಳಿಸಬೇಕಾದರೆ ಈಗ ಸಾರಿಗೆ ನಿಗಮದ್ದೇ ‘ನಮ್ಮ ಕಾರ್ಗೋ’ ಇದೆ, 2021ರಿಂದ. ಮುದ್ದೆ ಡಬ್ಬಿಗೆ ಮಾತ್ರ ಈಗಲೂ ಎಂಜಿನ್ ಪಕ್ಕವೇ ಜಾಗ. ಬಿಸಿಯಾಗಿರುತ್ತದಲ್ಲ!

ಆರು ಹತ್ತು ಆಯಿತು. ಕಂಡಕ್ಟರು ಸೀಟಿ ಊದಲಿಲ್ಲ. ಡ್ರೈವರು ಬಲಗಡೆಯ ಕನ್ನಡಿಯಲ್ಲಿ ಕೆಳಗಿನ ಬೀದಿ ನೋಡುತ್ತಿದ್ದರು. ಒಂದು ನಿಮಿಷ ಕಳೆದ ಮೇಲೆ ಕೋಲೂರಿಕೊಂಡು ಒಬ್ಬ ಅಜ್ಜಿ ಬಂದರು. ವಾರಕ್ಕೆ ಎರಡು ಸಲ ಹಿರೀಸಾವೆಗೆ ಹೋಗಿ ಸೊಪ್ಪು ಮಾರುವವರು. ಕಂಡಕ್ಟರು ಇಳಿದು ಸೊಪ್ಪಿನ ಮಂಕರಿ ಒಳಗಿಟ್ಟರು. ಅಜ್ಜಿ ಹತ್ತಿ, ಕೂತು, ಸೆರಗು ಸರಿಮಾಡಿಕೊಂಡ ಮೇಲೆ “ರೈಟ್!”

ಇಲ್ಲಿ ನನ್ನ ಬ್ಯಾಂಕಿನ ಬುದ್ಧಿ ಸುಮ್ಮನಿರಲಿಲ್ಲ. ಮೊಮ್ಮಗಳಿಗೆ ಒಂದು ಲೆಕ್ಕ ಕೊಟ್ಟೆ. ಬಸ್ಸಿನಲ್ಲಿ 50 ಜನ ಇದ್ದಾರೆ. ಅಜ್ಜಿಗಾಗಿ ಎರಡು ನಿಮಿಷ ಕಾದರೆ ಒಟ್ಟು ಎಷ್ಟು ನಿಮಿಷ ನಷ್ಟ? “ನೂರು” ಅಂದಳು. ಸರಿ, ಅಜ್ಜಿಗೆ ಈ ಗಾಡಿ ತಪ್ಪಿದರೆ ಮುಂದಿನದಕ್ಕೆ ಎರಡು ಗಂಟೆ ಕಾಯಬೇಕು, ಅಂದರೆ 120 ನಿಮಿಷ. ಹಾಗಾದರೆ ಕಾದದ್ದು ಲಾಭವೋ ನಷ್ಟವೋ? ಅವಳು ಬೆರಳು ಮಡಚಿ, “ಇಪ್ಪತ್ತು ನಿಮಿಷ ಲಾಭ ತಾತ!” ಅಂದಳು. ಮೂರು ನಿಮಿಷ ಕಾದರೆ ಲೆಕ್ಕ ಉಲ್ಟಾ ಆಗುತ್ತದೆ. ಅದನ್ನೂ ಅವಳೇ ಕಂಡುಹಿಡಿದಳು.

ಗಾಡಿ ಓಡುವಾಗ ಡ್ರೈವರ ಜೊತೆ ಮಾತಾಡಬಾರದು. ಹಾಗಾಗಿ ಹಿರೀಸಾವೆಯಲ್ಲಿ ಟೀಗೆ ನಿಲ್ಲಿಸಿದಾಗ ಈ ಲೆಕ್ಕವನ್ನು ಅವರಿಗೆ ಒಪ್ಪಿಸಿದೆವು. ಅವರು ನಕ್ಕರು.

“ಲೆಕ್ಕ ಸರಿಯಾಗೈತೆ ಯಜಮಾನ್ರೇ. ಆದ್ರೆ ಈ ಐವತ್ತು ಜನದಲ್ಲಿ ಯಾರು ಯಾವ ಕೆಲಸಕ್ಕೆ ಹೊಂಟವ್ರೆ ಅನ್ನೋದು ನಿಮ್ಮ ಲೆಕ್ಕದಲ್ಲಿ ಇಲ್ವಲ್ಲ?”

ಆಮೇಲೆ ಒಂದು ಸಂಗತಿ ಹೇಳಿದರು. ಎಸ್ಸೆಸ್ಸೆಲ್ಸಿ ಪರೀಕ್ಷೆ ಬಂದಾಗ ಅವರು ಯಾರಿಗೂ ಕಾಯುವುದಿಲ್ಲ. ಯಾವ ಸ್ಟಾಪಿನಲ್ಲಿ ಎಷ್ಟು ಮಕ್ಕಳು ಪರೀಕ್ಷೆಗೆ ಹತ್ತುತ್ತಾರೆ ಅನ್ನುವುದು ಅವರಿಗೆ ಬಾಯಿಪಾಠ. ಒಂದು ಮಗು ಕಡಿಮೆ ಬಂದರೆ, “ಅವ್ನೆಲ್ಲಿ?” ಅಂತ ಉಳಿದವರನ್ನು ಕೇಳುತ್ತಾರೆ. ಆದರೆ ಅಜ್ಜಿಯ ಗತಿ? ಪರೀಕ್ಷೆ ಶುರುವಾಗುವ ಹಿಂದಿನ ದಿನವೇ ಅವರು ಅಜ್ಜಿಗೆ ಹೇಳಿದ್ದರಂತೆ. “ಅಜ್ಜಿ, ನಾಳೆಯಿಂದ ಪರೀಕ್ಷೆ ಮುಗಿಯೋ ಗಂಟ ಕಾಯಾಕಾಗಲ್ಲ. ನೀನೇ ಮುಂಚೆ ಬಂದ್ಬುಡು.”

ಅಜ್ಜಿ ಏನು ಮಾಡಿದರು ಗೊತ್ತೆ? ಮಾರನೆಯ ದಿನ ಐದು ಗಂಟೆಗೇ ಮಂಕರಿ ಸಮೇತ ಬಂದು ಬಸ್ಸಿನ ಬಾಗಿಲು ಬಡಿದರು. ಒಳಗೆ ಮಲಗಿದ್ದ ಡ್ರೈವರು, ಕಂಡಕ್ಟರು ಇಬ್ಬರೂ ಗಾಬರಿಯಿಂದ ಎದ್ದು ಕೂತರು. “ಮುಂಚೆ ಬಾ ಅಂದ್ಯಲ್ಲಪ್ಪ, ಬಂದಿವ್ನಿ. ಈಗ ಹೊರಡು!” ಅಂತ ಜೋರು ಮಾಡಿದರಂತೆ.

ಡ್ರೈವರು ಕಾಯುವುದನ್ನು ನಾನು ಬಹಳ ಕಾಲದಿಂದ ನೋಡಿದ್ದೇನೆ. ಯಾವಾಗ ಕಾಯಬಾರದು ಎನ್ನುವುದನ್ನೂ, ಅದನ್ನು ಮೊದಲೇ ಹೋಗಿ ಹೇಳುವುದನ್ನೂ ಇವರಲ್ಲಿ ಕಂಡೆ. ನನಗೆ ಎರಡನೆಯದೇ ದೊಡ್ಡದು ಅನ್ನಿಸಿತು.

ಒಂದೆರಡು ಹಳೆಯ ವಿಷಯ ಹೇಳಿ ಮುಂದೆ ಹೋಗುತ್ತೇನೆ. ನಮ್ಮ ರಾಜ್ಯದ ಸರ್ಕಾರಿ ಬಸ್ಸು ಶುರುವಾದದ್ದು 1948ರ ಸೆಪ್ಟೆಂಬರ್ 12ರಂದು. ಆಗ ಮೈಸೂರು ಸರ್ಕಾರದ ಸಾರಿಗೆ ಇಲಾಖೆ, ಇದ್ದದ್ದು 120 ಬಸ್ಸು. 1961ರ ಆಗಸ್ಟ್‌ನಲ್ಲಿ ನಿಗಮವಾಯಿತು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದಾಗ ನಿಗಮದ ಹೆಸರೂ ಬದಲಾಯಿತು. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಹಣವಿಲ್ಲ. ಸೊಪ್ಪಿನ ಅಜ್ಜಿ ಈಗ ಶೂನ್ಯ ಟಿಕೆಟನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. ಮೊದಲೆಲ್ಲ ಚಿಲ್ಲರೆ ಇಲ್ಲದಿದ್ದರೆ ಕಂಡಕ್ಟರು ಟಿಕೆಟಿನ ಹಿಂದೆ ಬಾಕಿ ಬರೆದುಕೊಡುತ್ತಿದ್ದರು. ಇಳಿಯುವಾಗ ತೋರಿಸಿದರೆ ಹಣ. ನಮ್ಮ ಬ್ಯಾಂಕಿನ ಡಿಮ್ಯಾಂಡ್ ಡ್ರಾಫ್ಟಿಗಿಂತ ಅದು ಸಲೀಸು ಅಂತ ನಾನು ಆಗಲೇ ಅಂದುಕೊಂಡಿದ್ದೆ.

ಈಗ ನಿಜವಾದ ಕಥೆ ಹೇಳುತ್ತೇನೆ. ಮೊಮ್ಮಗಳಿಗೆ ಇದನ್ನು ವಾಪಸು ಬರುವಾಗ ಹೇಳಿದೆ.

1986ರ ಮಳೆಗಾಲ. ನಾನಾಗ ಹಳ್ಳಿಯಿಂದಲೇ ದಿನಾ ಬಸ್ಸಿನಲ್ಲಿ ಬ್ಯಾಂಕಿಗೆ ಓಡಾಡುತ್ತಿದ್ದೆ. ರಾತ್ರಿ ಹನ್ನೊಂದರ ಸುಮಾರು. ಕೆಳಗಿನ ಬೀದಿಯಲ್ಲಿ ಗಲಾಟೆ. ಕೊಟ್ಟಿಗೆಗೆ ಹೋಗಿದ್ದ ಒಂಬತ್ತು ವರ್ಷದ ಹುಡುಗನ ಕಾಲಿಗೆ ಹಾವು ಕಚ್ಚಿತ್ತು. ಲಾಟೀನು ಹಿಡಿದು ಜನ ಸೇರಿದರು. ಒಬ್ಬರು ಬೇರು ತರುತ್ತೇನೆ ಅಂದರು. ಇನ್ನೊಬ್ಬರು ಮಂತ್ರ ಹಾಕುವವರನ್ನು ಕರೆತರಲು ಸೈಕಲ್ ಹುಡುಕುತ್ತಿದ್ದರು. ಊರಿನಲ್ಲಿ ಕಾರಿಲ್ಲ. ಇದ್ದ ಒಂದು ಟ್ರ್ಯಾಕ್ಟರು ಕೆಟ್ಟು ನಿಂತಿತ್ತು. ಈಗಿನ ಹಾಗೆ ಫೋನ್ ಮಾಡಿದರೆ ಬರುವ 108 ಆಂಬುಲೆನ್ಸ್ ಆಗ ಇರಲಿಲ್ಲ. ಅದು ನಮ್ಮ ರಾಜ್ಯದಲ್ಲಿ ಶುರುವಾದದ್ದು 2008ರ ನವೆಂಬರ್ 1ರಂದು. ನಮ್ಮೂರಿಗೆ ಫೋನೇ ಇರಲಿಲ್ಲ ಅನ್ನಿ.

ಇದ್ದದ್ದು ಅರಳಿಕಟ್ಟೆಯ ಪಕ್ಕದ ಬಸ್ಸು.

ಗಲಾಟೆ ಕೇಳಿ ಡ್ರೈವರು ಎದ್ದು ಬಂದರು. ಐವತ್ತರ ಹತ್ತಿರದವರು, ಮಾತು ಕಡಿಮೆ. ಹುಡುಗನನ್ನು ನೋಡಿದರು. “ನಡೆಸಬೇಡಿ, ಎತ್ಕೊಂಡ್ ಬನ್ನಿ, ಕಾಲು ಅಲ್ಲಾಡಿಸ್ಬೇಡಿ” ಅಂದವರೇ ಹೋಗಿ ಎಂಜಿನ್ ಸ್ಟಾರ್ಟ್ ಮಾಡಿದರು. ಯಾರೋ ಬ್ಲೇಡಿನಿಂದ ಗಾಯ ಕೊಯ್ಯಲು ಹೋದಾಗ ಕಿಟಕಿಯಿಂದಲೇ ಗದರಿದರು. (ಮಕ್ಕಳೇ, ಅವರು ಹೇಳಿದ್ದು ಇಂದಿಗೂ ಸರಿ. ಹಾವು ಕಚ್ಚಿದರೆ ಕೊಯ್ಯಬಾರದು, ಬಾಯಿಂದ ಹೀರಬಾರದು, ಬಿಗಿಯಾಗಿ ಕಟ್ಟಬಾರದು, ಓಡಾಡಬಾರದು. ಆದಷ್ಟು ಬೇಗ ಆಸ್ಪತ್ರೆಗೆ ಹೋಗಿ ವಿಷ ಇಳಿಸುವ ಇಂಜೆಕ್ಷನ್ ಹಾಕಿಸಬೇಕು.)

ಆದರೆ ಏರ್ ಹಿಡಿಯಬೇಕಲ್ಲ! ಆ ಐದಾರು ನಿಮಿಷ ನನಗೆ ಈಗಲೂ ಕಿವಿಯಲ್ಲಿದೆ. ಹುಡುಗನ ತಾಯಿ “ಹೊರಡಪ್ಪ, ಹೊರಡಪ್ಪ” ಅಂತ ಅಳುತ್ತಿದ್ದರು. ಡ್ರೈವರು ಮುಳ್ಳು ನೋಡುತ್ತಾ ಕೂತಿದ್ದರು. “ಬ್ರೇಕ್ ಇಲ್ದೆ ಹೊರಟ್ರೆ ಯಾರೂ ಆಸ್ಪತ್ರೆ ಸೇರಲ್ಲ ಕಣವ್ವ” ಅಂತ ಒಂದೇ ಸಲ ಹೇಳಿದರು. ಮುಳ್ಳು ಮೇಲೆ ಬಂದದ್ದೇ ತಡ, ಗಾಡಿ ಕದಲಿತು.

ನಾವು ಎಂಟು ಜನ ಹತ್ತಿದ್ದೆವು. ಮಣ್ಣಿನ ದಾರಿ, ಮಳೆ, ಹೆದ್ದಾರಿಯೂ ಆಗ ಈಗಿನಷ್ಟು ಅಗಲವಿಲ್ಲ. ಹಿರೀಸಾವೆ ದಾಟಿದ ಮೇಲೆ ಕಂಡಕ್ಟರು ಎದ್ದು ನಿಂತು ಚೀಲ ತೆರೆದು ಟಿಕೆಟ್ ಕತ್ತರಿಸಲು ಶುರು ಮಾಡಿದರು. ಒಬ್ಬರಿಗೆ ಸಿಟ್ಟು ಬಂತು. “ಮಗ ಸಾಯ್ತಾ ಅವನೆ, ನಿಂಗೆ ಟಿಕೇಟಾ?” ಅಂದರು. ಕಂಡಕ್ಟರು ಇನ್ನೂ ಎಳೆಯ ವಯಸ್ಸಿನವರು. ಅವರ ಕೈ ನಡುಗುತ್ತಿತ್ತು. “ಅಣ್ಣಾ, ಇದು ನಮ್ಮ ಟೈಮಿನ ಗಾಡಿ ಅಲ್ಲ. ಹೇಳ್ದೆ ಕೇಳ್ದೆ ಗಾಡಿ ತಂದಿದೀವಿ. ಟಿಕೆಟ್ ಹರಿದಿದ್ರೆ ನಾಳೆ ಡ್ರೈವರಣ್ಣನ್ನ ಕೇಳಿದಾಗ ತೋರಿಸಾಕೆ ಏನಾದ್ರೂ ಇರ್ತದೆ” ಅಂದರು.

ಆ ಕತ್ತಲಲ್ಲಿ, ಆ ಗಾಬರಿಯಲ್ಲಿ, ನನಗೆ ಆ ಕಂಡಕ್ಟರ ಮೇಲೆ ಬಂದ ಗೌರವ ಅಷ್ಟಿಷ್ಟಲ್ಲ. ಲೆಕ್ಕ ಎಂದರೆ ಏನು ಅಂತ ಬಿ.ಕಾಂ. ಓದಿದ ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಜೇಬಿನಲ್ಲಿದ್ದ ಹಣ ತೆಗೆದು ಎಲ್ಲರ ಟಿಕೆಟಿಗೂ ನಾನೇ ಕೊಟ್ಟೆ. ಏಳು ಫುಲ್ ಟಿಕೆಟ್, ಒಂದು ಹಾಫ್ ಟಿಕೆಟ್. ಹಾಫ್ ಟಿಕೆಟ್ ಹುಡುಗನದು. ಅವನು ತಾಯಿಯ ತೊಡೆಯ ಮೇಲೆ ಕಣ್ಣು ಎಳೆದುಕೊಂಡು ಮಲಗಿದ್ದ. ಟಿಕೆಟನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದರು.

ಚನ್ನರಾಯಪಟ್ಟಣದ ಸರ್ಕಾರಿ ಆಸ್ಪತ್ರೆಯ ಬಾಗಿಲಿಗೇ ಬಸ್ಸು ಹೋಗಿ ನಿಂತಿತು. ರಾತ್ರಿ ಡ್ಯೂಟಿಯ ಡಾಕ್ಟರು ಓಡಿಬಂದರು. ಇಂಜೆಕ್ಷನ್ ಇತ್ತು. ಡ್ರೈವರು ಒಳಗೆ ಬರಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಕೂತಿದ್ದರು. ಮೂರು ಗಂಟೆಗೆ ನಾನು ಹೋಗಿ, “ಪರವಾಗಿಲ್ವಂತೆ, ಉಳಿಯುತ್ತಾನಂತೆ” ಅಂದಾಗ ಎದ್ದು, ಪಂಚೆಯಲ್ಲಿದ್ದವರು (ಯೂನಿಫಾರಂ ಹಾಕಿಕೊಳ್ಳಲೂ ಪುರುಸೊತ್ತು ಸಿಕ್ಕಿರಲಿಲ್ಲ) ಮುಖ ಒರೆಸಿಕೊಂಡು, “ಹಂಗಾರೆ ಹೊರಡಾನ, ಆರು ಹತ್ತರ ಟ್ರಿಪ್ ಐತೆ” ಅಂದರು. ಆವತ್ತು ಆರು ಹತ್ತರ ಗಾಡಿ ಆರು ಹತ್ತಕ್ಕೇ ಹೊರಟಿತು.

ಅಷ್ಟಕ್ಕೆ ಮುಗಿಯಲಿಲ್ಲ. ಗಾಡಿ ಎಷ್ಟು ಕಿಲೋಮೀಟರ್ ಓಡಿತು, ಎಷ್ಟು ಡೀಸೆಲ್ ಕುಡಿಯಿತು ಎನ್ನುವುದೆಲ್ಲ ಬರೆದಿಡುವ ಒಂದು ಹಾಳೆ ಇರುತ್ತದೆ. ಅದರಲ್ಲಿ ಆ ರಾತ್ರಿಯ ಓಡಾಟ ಹೆಚ್ಚಾಗಿ ಬರುತ್ತದೆ. ಅಪ್ಪಣೆ ಇಲ್ಲದೆ ಗಾಡಿ ಒಯ್ದದ್ದಕ್ಕೆ ಡ್ರೈವರು ಉತ್ತರ ಹೇಳಬೇಕು. ನಿಯಮ ಇರುವುದು ತಪ್ಪೇನಲ್ಲ. ಸಾರ್ವಜನಿಕರ ಗಾಡಿ ಅದು, ಯಾರ ಮದುವೆಗೋ ಒಯ್ದರೆ ಏನು ಗತಿ? ಆದರೆ ಇವರಿಗೆ ಮೆಮೋ ಬರಬಾರದಲ್ಲ. ಆ ಭಾನುವಾರ ನಮ್ಮ ಜಗಲಿಯ ಮೇಲೆ ಕೂತು ನಾನು ಒಂದು ಅರ್ಜಿ ಬರೆದೆ. ದಿನಾಂಕ, ಗಂಟೆ, ಹಾವು ಕಚ್ಚಿದ್ದು, ಬೇರೆ ವಾಹನ ಇಲ್ಲದ್ದು, ಏಳೂವರೆ ಟಿಕೆಟಿನ ನಂಬರು, ಡಾಕ್ಟರ ಚೀಟಿಯ ನಕಲು. ಕೆಳಗೆ ಊರಿನವರ ಸಹಿ. ಸಹಿ ಬಾರದವರು ಹೆಬ್ಬೆಟ್ಟು ಒತ್ತಿದರು. ಹುಡುಗನ ತಾಯಿ ಮೊದಲ ಹೆಬ್ಬೆಟ್ಟು.

ಇಬ್ಬರು ಹಿರಿಯರು ಅರ್ಜಿ ಹಿಡಿದು ಹೋದರು. ಅದನ್ನು ಓದಿದ ಸಾಹೇಬರು ಎರಡು ಸಲ ಓದಿದರಂತೆ. ಟಿಕೆಟ್ ನಂಬರಿನ ಸಾಲಿನ ಮೇಲೆ ಬೆರಳಿಟ್ಟು, “ಹುಡುಗನಿಗೂ ಟಿಕೆಟ್ ಕೊಟ್ಟಿದ್ದಾರಾ?” ಅಂತ ಕೇಳಿದರಂತೆ. ಕೊಟ್ಟಿದ್ದಾರೆ ಅಂದಾಗ ನಕ್ಕು, ಅರ್ಜಿಯ ಮೇಲೆ ಏನೋ ಬರೆದು ಫೈಲಿಗೆ ಹಾಕಿಸಿದರು. ಮೆಮೋ ಬರಲಿಲ್ಲ. ನಾನು ಬ್ಯಾಂಕಿನಲ್ಲಿ ಬರೆದ ಸಾವಿರಾರು ಪತ್ರಗಳಲ್ಲಿ ಒಂದೂ ನನಗೆ ನೆನಪಿಲ್ಲ. ಈ ಅರ್ಜಿಯ ಮಾತ್ರ ಸಾಲು ಸಾಲೂ ಹೇಳಬಲ್ಲೆ.

“ಆ ಹುಡುಗ ಈಗೆಲ್ಲಿ?” ಅಂತ ಮೊಮ್ಮಗಳು ಕೇಳಿದಳು. ನಾವು ಆಗ ಅವನದೇ ತೋಟದ ಪಕ್ಕ ಹಾಯುತ್ತಿದ್ದೆವು. ತೆಂಗಿನ ಮರದಡಿ ಪೈಪು ಜೋಡಿಸುತ್ತಿದ್ದ, ತಲೆ ನರೆತಿರುವವನನ್ನು ತೋರಿಸಿದೆ. ಅವಳು ಬಹಳ ಹೊತ್ತು ಕಿಟಕಿಯಿಂದ ಹಿಂದೆ ನೋಡುತ್ತಿದ್ದಳು.

ಇಂಥದ್ದು ನಮ್ಮ ಹಳ್ಳಿಯಲ್ಲಿ ಮಾತ್ರ ನಡೆದದ್ದಲ್ಲ. ಪತ್ರಿಕೆಯಲ್ಲಿ ಬಂದ ಒಂದು ಘಟನೆ ಇದೇ ಹೆದ್ದಾರಿಯದು. 2023ರ ಮೇ 15. ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ಹೊರಟ ಸಾರಿಗೆ ಬಸ್ಸು. ಚನ್ನರಾಯಪಟ್ಟಣ ದಾಟಿ ಹಾಸನದ ಕಡೆ ಹೋದರೆ ಉದಯಪುರ ಸಿಗುತ್ತದೆ. ಅದರ ಹತ್ತಿರ ಬಸ್ಸಿನಲ್ಲಿದ್ದ ತುಂಬು ಗರ್ಭಿಣಿಯೊಬ್ಬರಿಗೆ ಹೆರಿಗೆ ನೋವು ಬಂತು. ಆಸ್ಪತ್ರೆ ತಲುಪುವಷ್ಟು ಸಮಯ ಇರಲಿಲ್ಲ. ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದರು. ಪ್ರಯಾಣಿಕರೆಲ್ಲ ಕೆಳಗಿಳಿದರು. ಕಂಡಕ್ಟರ್ ವಸಂತಮ್ಮನವರು ಮುಂದೆ ನಿಂತು ಬಸ್ಸಿನಲ್ಲೇ ಹೆರಿಗೆ ಮಾಡಿಸಿದರು. ಹೆಣ್ಣುಮಗು. ಆ ತಾಯಿ ಬಡವರು, ದೂರದ ಅಸ್ಸಾಂ ಕಡೆಯವರು. ಬಸ್ಸಿನಲ್ಲಿದ್ದವರೆಲ್ಲ ಕೈಲಾದಷ್ಟು ಹಾಕಿ 1,500 ರೂಪಾಯಿ ಕೂಡಿಸಿ ಕೊಟ್ಟರು. ಆಂಬುಲೆನ್ಸ್ ಬಂದು ತಾಯಿ ಮಗುವನ್ನು ಶಾಂತಿಗ್ರಾಮದ ಆಸ್ಪತ್ರೆಗೆ ಕರೆದುಕೊಂಡು ಹೋಯಿತು. ಭಾಷೆ ಬಾರದ ಊರಿನಲ್ಲಿ ಆ ತಾಯಿಗೆ ಸಿಕ್ಕ ತವರುಮನೆ ಒಂದು ಕೆಂಪು ಬಸ್ಸು.

ಹತ್ತಿರ ಇದ್ದಾಗ ಬೆಲೆ ತಿಳಿಯುವುದಿಲ್ಲ ಅನ್ನುತ್ತಾರಲ್ಲ, 2020ರಲ್ಲಿ ಕೊರೊನಾ ಬಂದು ಮಾರ್ಚ್ ಕೊನೆಯಲ್ಲಿ ಬಸ್ಸು ನಿಂತಾಗ ನಮಗೆ ಹಾಗಾಯಿತು. ಬೆಳಿಗ್ಗೆ ಏರ್ ಹಿಡಿಯುವ ಸದ್ದಿಲ್ಲ. ಯಾವ ಹೊತ್ತಿಗೆ ಏಳಬೇಕು ಅಂತಲೇ ತಿಳಿಯುತ್ತಿರಲಿಲ್ಲ. ಪೇಪರ್ ಬಂಡಲ್ ಇಲ್ಲ. ಬಿ.ಪಿ. ಮಾತ್ರೆ ತರಿಸಲು ಬೈಕಿನವರನ್ನು ಹುಡುಕಬೇಕು. ಮೇ ಮೊದಲ ವಾರದಲ್ಲಿ, ಬೆಂಗಳೂರಿನಲ್ಲಿ ಕೂಲಿ ಇಲ್ಲದೆ ಸಿಕ್ಕಿಹಾಕಿಕೊಂಡಿದ್ದವರನ್ನು ಅವರವರ ಊರಿಗೆ ಉಚಿತವಾಗಿ ಕರೆದೊಯ್ದದ್ದು ಇದೇ ಸಾರಿಗೆ ಬಸ್ಸುಗಳು. ಎಲ್ಲರೂ ರೋಗಕ್ಕೆ ಹೆದರಿ ಬಾಗಿಲು ಹಾಕಿಕೊಂಡಿದ್ದಾಗ ಡ್ರೈವರುಗಳು ಬಾಯಿಗೆ ಬಟ್ಟೆ ಕಟ್ಟಿಕೊಂಡು ಗಾಡಿ ಹತ್ತಿದ್ದರು. ಮೇ 19ರಿಂದ ಬಸ್ಸು ಮತ್ತೆ ಶುರುವಾಯಿತು. ನಮ್ಮೂರಿನ ಗಾಡಿ ಬರಲು ಇನ್ನೂ ಸ್ವಲ್ಪ ದಿನ ಹಿಡಿಯಿತು. ಬಂದ ರಾತ್ರಿ ಕಟ್ಟೆಯ ಹತ್ತಿರ ಜಾತ್ರೆಯ ಹಾಗೆ ಜನ. ಡ್ರೈವರಿಗೂ ಕಂಡಕ್ಟರಿಗೂ ಯಾರ ಮನೆ ಊಟ ಅಂತ ಜಗಳವೇ ಆಯಿತು.

ಇನ್ನು ಮಕ್ಕಳಿಗೆ ಒಂದು ಮಾತು ಹೇಳಲೇಬೇಕು. ಇದನ್ನು ನಮ್ಮ ಡ್ರೈವರೇ ಮೊಮ್ಮಗಳಿಗೆ ಹೇಳಿಕೊಟ್ಟದ್ದು. ಹಿರೀಸಾವೆಯಲ್ಲಿ ಗಾಡಿ ನಿಂತಿದ್ದಾಗ ಅವಳನ್ನು ತಮ್ಮ ಸೀಟಿನಲ್ಲಿ ಕೂರಿಸಿ, “ನಿಮ್ ತಾತ ಎಲ್ಲವ್ರೆ ನೋಡು” ಅಂದರು. ನಾನು ಬಸ್ಸಿನ ಮುಂದೆಯೇ, ಬಂಪರಿಗೆ ತಾಗುವ ಹಾಗೆ ನಿಂತಿದ್ದೆ. ಅವಳಿಗೆ ನನ್ನ ಬೋಳು ತಲೆ ಮಾತ್ರ ಕಂಡಿತಂತೆ. “ತಾತನ ತಲೆನಾದ್ರೂ ಕಂಡ್ತು. ನಿನ್ನಂಥ ಸಣ್ಣೋರು ನಿಂತ್ರೆ ನಂಗೆ ಏನೂ ಕಾಣಲ್ಲ” ಅಂದರು. ಎಡಗಡೆ ಮುಂದಿನ ಚಕ್ರದ ಹತ್ತಿರವೂ ಹಾಗೆಯೇ. ಆದ್ದರಿಂದ ಬಸ್ಸಿನಿಂದ ಇಳಿದವರು ಅದರ ಮುಂದೆ ಹಾಯ್ದು ರಸ್ತೆ ದಾಟಬಾರದು. ಬಸ್ಸು ಹೋದ ಮೇಲೆ ಎರಡೂ ಕಡೆ ನೋಡಿ ದಾಟಬೇಕು. ಅಜ್ಜಂದಿರೂ ಇದನ್ನು ಕಲಿತರೆ ಒಳ್ಳೆಯದು. ಕೈ ಅಡ್ಡ ಹಿಡಿದು ಬಸ್ಸಿನ ಮುಂದೆಯೇ ಗತ್ತಿನಿಂದ ನಡೆಯುವವರಲ್ಲಿ ನಮ್ಮ ವಯಸ್ಸಿನವರೇ ಹೆಚ್ಚು.

ನಮ್ಮ ಡ್ರೈವರು ಶಾಲೆಯ ಮಕ್ಕಳು ಇಳಿಯುವ ಕಡೆ ಬೆರಳು ಮಡಚಿ ಎಣಿಸುತ್ತಾರೆ. ಇಳಿದವರು ಹನ್ನೊಂದು, ರಸ್ತೆ ಪಕ್ಕ ಕಾಣುತ್ತಿರುವವರು ಹತ್ತು ಅಂದರೆ ಗಾಡಿ ಕದಲಿಸುವುದಿಲ್ಲ. ಹನ್ನೊಂದನೆಯದು ಬಗ್ಗಿ ಚಪ್ಪಲಿ ಸರಿಮಾಡಿಕೊಳ್ಳುತ್ತಿರಬಹುದು. ಬಹಳ ವರ್ಷ ಅಪಘಾತ ಮಾಡದೆ ಓಡಿಸಿದ ಡ್ರೈವರುಗಳಿಗೆ ನಿಗಮ ಬೆಳ್ಳಿಯ ಪದಕ, ಚಿನ್ನದ ಪದಕ ಕೊಡುತ್ತದೆ. ಇವರ ಅಂಗಿಯ ಮೇಲೆ ಬೆಳ್ಳಿಯದು ಇದೆ.

ಮೊಮ್ಮಗಳು ದಸರಾ ರಜೆಗೂ ಬಂದಳು. ಆಯುಧಪೂಜೆಯ ದಿನ ನಾವು ಅರಳಿಕಟ್ಟೆಗೆ ಹೋದಾಗ ಗಾಡಿಯ ಗುರುತೇ ಸಿಗಲಿಲ್ಲ. ಎರಡೂ ಕಡೆ ಬಾಳೆಕಂದು, ಮುಂದೆ ಮಾವಿನ ಎಲೆ, ಸೇವಂತಿಗೆ ಹಾರ. ಬಾಳೆಕಂದು ತಂದುಕೊಟ್ಟದ್ದು ಆ ಹಾಫ್ ಟಿಕೆಟಿನ ಹುಡುಗ. ಪ್ರತಿ ವರ್ಷ ಅವನದೇ. ಹಾರ ಸೊಪ್ಪಿನ ಅಜ್ಜಿಯದು. ಮಕ್ಕಳು ನಾಲ್ಕು ನಿಂಬೆಹಣ್ಣು ಚಕ್ರಗಳ ಕೆಳಗೆ ಇಟ್ಟು ದೂರ ಸರಿದು ನಿಂತರು. ಡ್ರೈವರು ಕೂಗಿದರು, “ಎಲ್ರೂ ಎಡಕ್ಕೆ ಬನ್ರೋ, ನಂಗೆ ಕಾಣೋ ಕಡೆ!” ಎಲ್ಲರೂ ಬಂದರು. ಎಣಿಸಿದರು. ಬೂದುಗುಂಬಳ ಒಡೆದದ್ದಾಯಿತು, ಪುರಿ, ಕಡಲೆ, ಬೆಲ್ಲ ಹಂಚಿದ್ದಾಯಿತು. ನಿಂಬೆಹಣ್ಣು ಪಟ್ ಪಟ್ ಅಂದವು. ಮಕ್ಕಳು ಚಪ್ಪಾಳೆ ತಟ್ಟಿದರು.

ಊರಿನವರು ಯಾರೂ ಗಡಿಯಾರ ನೋಡಲಿಲ್ಲ. ನಾನು ನೋಡಿದೆ. ಆರು ಇಪ್ಪತ್ತಮೂರು.

“ಹದಿಮೂರು ನಿಮಿಷ ಲೇಟು ತಾತ. ಐವತ್ತು ಜನ. ಎಷ್ಟಾಯ್ತು?” ಅಂದಳು ಮೊಮ್ಮಗಳು, ಬಾಯಿ ತುಂಬ ಪುರಿ ಇಟ್ಟುಕೊಂಡು.